ಕ್ರೂಸ್‌ಗೆ ಹೊರಟಿದ್ದೀರಾ? ಅಟ್ಟದ ಮೇಲಿನ ಶೂ ಒಮ್ಮೆ ಕೆಳಗಿಳಿಸಿ ನೋಡಿ

ಮನೆಯ ಹಿರಿಯರನ್ನು ಕರೆದುಕೊಂಡು ಹಡಗಿನ ಪ್ರವಾಸಕ್ಕೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪಾಸ್‌ಪೋರ್ಟು, ವೀಸಾ, ಮಾತ್ರೆ, ಚಟ್ನಿಪುಡಿ ಎಲ್ಲ ನೆನಪಿಟ್ಟು ತುಂಬಿಕೊಂಡ ನಾವು ಒಂದು ಜೊತೆ ಶೂ ವಿಷಯದಲ್ಲಿ ಎಡವಿದೆವು. ದುಡ್ಡು ಹೋಯಿತು, ಅಪ್ಪ ಅಮ್ಮನ ಒಂದು ಒಳ್ಳೆಯ ಸಂಜೆ ಹೋಯಿತು. ಅಪ್ಪನ ಕಾಲಿನ ಗಾಯ ಒಣಗಲು ಐದು ವಾರ ಹಿಡಿಯಿತು.

ಅಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಈಗ 72 ವರ್ಷ. 16 ವರ್ಷದಿಂದ ಶುಗರ್ ಇದೆ. ಅವರ ಮದುವೆಯ 45ನೇ ವರ್ಷಕ್ಕೆ ಅಂತ ಸಿಂಗಾಪುರದಲ್ಲಿರುವ ನನ್ನ ತಮ್ಮ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದ. ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್, ಅಲ್ಲಿಂದ ಥಾಯ್ಲೆಂಡಿನ ಫುಕೆಟ್, ವಾಪಸ್ ಸಿಂಗಾಪುರ. ಅಪ್ಪ, ಅಮ್ಮ, ತಮ್ಮ, ನಾನು, ನಮ್ಮ ಯಜಮಾನರು, ಹೀಗೆ ಐದು ಜನ. ಮದುವೆಯ ದಿನ ಸರಿಯಾಗಿ ಮೊದಲ ರಾತ್ರಿಗೇ ಬರುತ್ತಿತ್ತು. ಹಾಗಾಗಿ ಆ ರಾತ್ರಿಗೆ ಹಡಗಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಎಂಟು ಗಂಟೆಗೆ ಟೇಬಲ್ ಹಿಡಿದಿದ್ದ.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ರೂಸ್ ಟಿಕೆಟ್‌ನಲ್ಲೇ ಊಟ ಸೇರಿರುತ್ತೆ. ಮೇಲಿನ ಡೆಕ್‌ನಲ್ಲಿ ಬುಫೆ ಇರುತ್ತೆ, ಕೂತು ಊಟ ಮಾಡುವ ದೊಡ್ಡ ಡೈನಿಂಗ್ ರೂಮ್ ಇರುತ್ತೆ. ಇವೆರಡೂ ಅಲ್ಲದೆ ಕೆಲವು ಸಣ್ಣ, ದುಬಾರಿ ರೆಸ್ಟೋರೆಂಟ್‌ಗಳಿರುತ್ತವೆ. ಅವಕ್ಕೆ ಬೇರೆ ದುಡ್ಡು ಕೊಡಬೇಕು, ಮುಂಚೆಯೇ ಜಾಗ ಹಿಡಿಯಬೇಕು. ನಮಗೆ ತಲೆಗೆ 45 ಡಾಲರ್ ಬಿದ್ದಿತ್ತು. ಡ್ರೆಸ್ ಕೋಡ್ ಬಿಗಿಯಾಗಿ ನೋಡುವುದು ಹೆಚ್ಚಾಗಿ ಇಂಥ ಕಡೆಯೇ.

ಬುಕಿಂಗ್ ಜೊತೆ ಬಂದ ಮೇಲ್‌ನಲ್ಲಿ 'ಸ್ಮಾರ್ಟ್ ಕ್ಯಾಶುಯಲ್' ಅಂತ ಇತ್ತು. ಅದನ್ನು ನೋಡಿ ನಾನು ಗಂಡಸರಿಗೆಲ್ಲ ಕಾಲರ್ ಇರುವ ಶರ್ಟು, ಉದ್ದ ಪ್ಯಾಂಟು ಎತ್ತಿಟ್ಟೆ. ಅಮ್ಮನಿಗೆ ರೇಷ್ಮೆ ಸೀರೆ. ಅದೇ ಮೇಲ್‌ನ ಕೆಳಗಡೆ ಸಣ್ಣ ಅಕ್ಷರದಲ್ಲಿ ಗಂಡಸರು ಮುಂಭಾಗ ಮುಚ್ಚಿದ ಶೂ ಹಾಕಿರಬೇಕು ಅಂತಲೂ ಇತ್ತು. ಅದನ್ನೂ ಓದಿದ್ದೆ. "ಅಪ್ಪಾ, ಶೂ ಇದೆಯಲ್ವಾ?" ಅಂತ ಫೋನಿನಲ್ಲಿ ಕೇಳಿದ್ದೆ. "ಇದೆಯಲ್ಲಮ್ಮ, ನಿನ್ನ ತಮ್ಮನ ಮದುವೇಲಿ ತಗೊಂಡಿದ್ದು, ಹೊಸದು ಹೊಸದಾಗೇ ಇದೆ" ಅಂದರು. ತಮ್ಮನ ಮದುವೆ ಆಗಿದ್ದು 2013ರಲ್ಲಿ. ಆ ಶೂವನ್ನು ಅಪ್ಪ ಹೆಚ್ಚೆಂದರೆ ನಾಲ್ಕು ಸಲ ಹಾಕಿರಬಹುದು. ಉಳಿದಂತೆ ಅದು ಪೇಪರ್ ಸುತ್ತಿಕೊಂಡು ಅಟ್ಟದ ಮೇಲಿನ ಡಬ್ಬದಲ್ಲೇ ಇತ್ತು. ಹೊರಡುವ ಹಿಂದಿನ ದಿನ ಅಪ್ಪ ಅದನ್ನು ಇಳಿಸಿ, ಹಳೇ ಬನಿಯನ್ ಬಟ್ಟೆಯಲ್ಲಿ ಪಾಲಿಶ್ ಹಾಕಿ ಉಜ್ಜಿದ್ದರು. ಚರ್ಮ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅಡಿಭಾಗ ತಿರುಗಿಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ಬಾಗಿಲಲ್ಲೇ ತೆಗೆದುಕೊಂಡುಬಿಡುತ್ತಾರೆ. ಅವು ರೂಮಿಗೆ ಬರುವುದು ಗಂಟೆಗಟ್ಟಲೆ ಆದಮೇಲೆ. ನಮ್ಮ ಶೂಗಳೆಲ್ಲ ಅದರೊಳಗೆ. ಹಡಗು ಹೊರಟರೂ ಸೂಟ್‌ಕೇಸ್ ಬರಲಿಲ್ಲ. ಏಳೂಕಾಲಿಗೆ ಬಾಗಿಲ ಹೊರಗೆ ಅವುಗಳನ್ನು ಕಂಡಾಗ ಜೀವ ಬಂದಂತಾಯಿತು. ಮೊದಲ ರಾತ್ರಿಯೇ ಇಂಥ ಊಟ ಇಟ್ಟುಕೊಂಡಿದ್ದರೆ ಶೂ ಮತ್ತು ಆ ಬಟ್ಟೆ ಕೈಚೀಲದಲ್ಲೇ ಇರಲಿ.

ಅಪ್ಪ ಶೂ ಹಾಕಿಕೊಂಡರು. ನಮ್ಮ ರೂಮು ಹಡಗಿನ ಹಿಂತುದಿಯಲ್ಲಿ, ರೆಸ್ಟೋರೆಂಟ್ ಮುಂತುದಿಯಲ್ಲಿ. ಹಡಗು 300 ಮೀಟರಿಗಿಂತ ಜಾಸ್ತಿ ಉದ್ದ. ಆ ಕಾರಿಡಾರ್ ಮುಗಿಯುವುದೇ ಇಲ್ಲ. ಅರ್ಧ ದಾರಿಯಲ್ಲಿ ಅಮ್ಮ ನಿಂತು, "ಯಾರೋ ಕೇಕ್ ಚೆಲ್ಲಿದ್ದಾರೆ ನೋಡೇ" ಅಂದಳು. ನೀಲಿ ಕಾರ್ಪೆಟ್ ಮೇಲೆ ಕಪ್ಪು ಪುಡಿ. ತರಿತರಿಯಾಗಿ ಬೀಸಿದ ಕಾಫಿಪುಡಿ ಥರ, ನಡುವೆ ಬೆರಳುಗುರಿನಷ್ಟು ದಪ್ಪ ಚೂರುಗಳು. ಹಿಂತಿರುಗಿ ನೋಡಿದೆ. ಆ ಪುಡಿ ನಮ್ಮ ರೂಮಿನ ಬಾಗಿಲಿಂದಲೇ ಶುರುವಾಗಿತ್ತು. ಅಷ್ಟರಲ್ಲಿ ಅಪ್ಪ ಸಣ್ಣಗೆ ವಾಲಿದರು. ಬಲಗಾಲಿನ ಶೂವಿನ ಹಿಮ್ಮಡಿ ಇಡಿಯಾಗಿ ಕಳಚಿ ಬಿದ್ದಿತ್ತು. ಯಜಮಾನರು ತಕ್ಷಣ ತೋಳು ಹಿಡಿಯದಿದ್ದರೆ ಅಪ್ಪ ಅಲ್ಲೇ ಬೀಳುತ್ತಿದ್ದರು. ಆ ವಯಸ್ಸಿಗೆ ಸೊಂಟ ಮುರಿದಿದ್ದರೆ ಗತಿಯೇನು ಅಂತ ಈಗಲೂ ಎದೆ ಝಲ್ಲೆನ್ನುತ್ತೆ.

ಅಪ್ಪ ಆ ಹಿಮ್ಮಡಿ ಎತ್ತಿಕೊಂಡು ಬೆರಳಲ್ಲಿ ಒತ್ತಿದರು. ಒಣಗಿದ ಹಿಂಡಿಯ ಹಾಗೆ ಪುಡಿಪುಡಿಯಾಗಿ ಉದುರಿತು. "ಒಳ್ಳೇ ಶೂ ಅಲ್ವೇನಮ್ಮ ಇದು" ಅಂತ ಅಂದರು. ಅವರ ಮುಖ ನೋಡಲಾಗಲಿಲ್ಲ.

ಬೆಂಗಳೂರಿಗೆ ಬಂದಮೇಲೆ ನಮ್ಮ ರಸ್ತೆಯ ಚಪ್ಪಲಿ ರಿಪೇರಿಯವರಿಗೆ ತೋರಿಸಿದೆ. ನೋಡಿದ ಕೂಡಲೇ, "ಇದು ಪಿಯು ಸೋಲ್ ಮೇಡಂ, ಇಟ್ಟಲ್ಲೇ ಸಾಯುತ್ತೆ" ಅಂದರು. ಪಿಯು ಅಂದರೆ ಪಾಲಿಯುರೆಥೇನ್. ಹಗುರ, ಮೆತ್ತಗೆ, ಅದಕ್ಕೇ ತುಂಬ ಶೂಗಳಿಗೆ ಇದನ್ನೇ ಹಾಕುತ್ತಾರೆ. ಗಾಳಿಯಲ್ಲಿರುವ ತೇವ ನಿಧಾನವಾಗಿ ಇದರ ಒಳರಚನೆಯನ್ನೇ ಒಡೆಯುತ್ತೆ. ಹಾಕದೆ ಜೋಪಾನವಾಗಿ ಇಟ್ಟರೂ ಬಿಡುವುದಿಲ್ಲ. ಡಬ್ಬದೊಳಗೆ ಗಾಳಿಯಾಡದೆ ಕೂತರೆ ತೇವ ಅಲ್ಲೇ ನಿಂತು ಇನ್ನೂ ಕೆಡುತ್ತೆ. ನಾವೆಲ್ಲ ಹಾಕದೇ ಇದ್ದರೆ ಹೊಸದಾಗಿರುತ್ತೆ ಅಂದುಕೊಂಡಿರುತ್ತೇವೆ. ಮೇಲಿನ ಚರ್ಮ ಇಪ್ಪತ್ತು ವರ್ಷ ಬಾಳಬಹುದು, ಈ ಸೋಲ್ ಬಾಳುವುದಿಲ್ಲ. ಮಲೆನಾಡಿನವರು, ಕರಾವಳಿಯವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಗಟ್ಟಿ ರಬ್ಬರಿನ ಅಡಿ, ಹೊಲಿದ ಚರ್ಮದ ಅಡಿ ಹೀಗೆ ಪುಡಿಯಾಗುವುದಿಲ್ಲ.

ನೋಡುವುದು ಹೇಗೆ ಅಂತಲೂ ಅವರೇ ತೋರಿಸಿಕೊಟ್ಟರು. ಶೂ ಮಗುಚಿ, ಹಿಮ್ಮಡಿಯ ಪಕ್ಕದಲ್ಲಿ ಹೆಬ್ಬೆರಳಿಂದ ಜೋರಾಗಿ ಒತ್ತಬೇಕು. ಗುರುತು ಹಾಗೇ ಉಳಿದರೆ, ಅಂಟಂಟಾಗಿದ್ದರೆ, ಸಣ್ಣ ಬಿರುಕು ಕಂಡರೆ ಅದರ ಕಥೆ ಮುಗಿಯಿತು ಅಂತ ತಿಳಿಯಿರಿ. ಮುಂದಿನ ತುದಿ ಹಿಡಿದು ಬಗ್ಗಿಸಿಯೂ ನೋಡಿ. ಅದೂ ಸಾಲದು. ಹೊರಡುವ ಹತ್ತು ದಿನ ಮುಂಚೆ ಅದನ್ನು ಹಾಕಿಕೊಂಡು ಹಾಲು ತರಲು, ಪಾರ್ಕಿಗೆ, ಎಲ್ಲಿಗಾದರೂ ಹೋಗಿಬರಲಿ. ಹಾಳಾಗುವುದಿದ್ದರೆ ನಮ್ಮೂರ ರಸ್ತೆಯಲ್ಲೇ ಹಾಳಾಗಲಿ.

ಆ ರಾತ್ರಿಗೆ ಬರುತ್ತೇನೆ. ಅಪ್ಪ ರೂಮಿಗೆ ಹೋಗಿ ದಿನಾ ಹಾಕುವ ಸ್ಯಾಂಡಲ್ ಹಾಕಿಕೊಂಡು ಬಂದರು. ಶುಗರ್ ಇರುವವರಿಗೆ ಅಂತ ಡಾಕ್ಟರ್ ಹೇಳಿ ಮಾಡಿಸಿದ್ದು, ಹಿಂದೆ ಬೆಲ್ಟ್ ಇದೆ, ಮುಂದೆ ಬೆರಳು ಕಾಣುತ್ತೆ. ಬಾಗಿಲಲ್ಲಿದ್ದ ಹುಡುಗಿ ನಗುತ್ತಲೇ ಅಪ್ಪನ ಕಾಲು ನೋಡಿದಳು. ಕ್ಷಮಿಸಿ ಸರ್, ಗಂಡಸರಿಗೆ ಮುಚ್ಚಿದ ಶೂ ಬೇಕೇ ಬೇಕು ಅಂದಳು. ಅಮ್ಮನ ಕಾಲಲ್ಲೂ ಬೆರಳು ಕಾಣುವ ಚಪ್ಪಲಿಯೇ ಇತ್ತು, ಅದನ್ನು ಯಾರೂ ಕೇಳಲಿಲ್ಲ. ತಮ್ಮ ಎಷ್ಟೋ ಹೇಳಿ ನೋಡಿದ. ಮ್ಯಾನೇಜರ್ ಬಂದರು, ಅವರದ್ದೂ ಅದೇ ಮಾತು. ಕೋಟು ಬೇಕಿದ್ದರೆ ಒಂದು ಕೊಡಬಹುದು, ಶೂ ಕೊಡಲು ಇಲ್ಲ ಅಂದರು. ಕೆಳಗಿನ ಅಂಗಡಿಗಳಿಗೆ ನಾನು ಓಡಿದೆ. ವಾಚು, ಸೆಂಟು, ಚಾಕಲೇಟು, ಹೆಂಡ ಎಲ್ಲ ಇತ್ತು. ಕಾಲಿಗೆ ಅಂತ ಇದ್ದದ್ದು ರಬ್ಬರ್ ಚಪ್ಪಲಿ ಮಾತ್ರ. ನಡುಸಮುದ್ರದಲ್ಲಿ ಇನ್ನೆಲ್ಲಿ ಹುಡುಕುವುದು?

"ನೀವೆಲ್ಲ ಹೋಗಿ ಊಟ ಮಾಡ್ಬನ್ನಿ. ನಂಗೆ ಮೇಲೆ ಎಲ್ಲಾದ್ರೂ ಒಂದಿಷ್ಟು ಅನ್ನ ಸಿಗುತ್ತೆ" ಅಂದರು ಅಪ್ಪ. ನಲವತ್ತೈದು ವರ್ಷ ಸಂಸಾರ ಮಾಡಿದ ಅಮ್ಮ ಆ ಮಾತಿಗೆ ಉತ್ತರವನ್ನೇ ಕೊಡದೆ ಅವರ ಕೈ ಹಿಡಿದು ಲಿಫ್ಟ್ ಕಡೆ ಹೊರಟಳು. ಐದೂ ಜನ ಬುಫೆಯಲ್ಲಿ ಪ್ಲಾಸ್ಟಿಕ್ ಟ್ರೇ ಹಿಡಿದು ಸಾಲಲ್ಲಿ ನಿಂತೆವು. ಅಮ್ಮ ಕಂಚಿ ಸೀರೆಯಲ್ಲಿ, ಸುತ್ತ ಈಜಿ ಬಂದ ಮಕ್ಕಳು ಒದ್ದೆ ಚಡ್ಡಿಯಲ್ಲಿ. ಇಪ್ಪತ್ನಾಲ್ಕು ಗಂಟೆ ಮುಂಚೆ ರದ್ದು ಮಾಡಲಿಲ್ಲ ಅಂತ ಐದು ಜನರ 225 ಡಾಲರ್ ರೂಮ್ ಬಿಲ್ಲಿಗೆ ಬಿತ್ತು.

ನಿಯಮ ಅವರದ್ದು, ಮೇಲ್‌ನಲ್ಲಿ ಬರೆದಿದ್ದರು, ಒಪ್ಪುತ್ತೇನೆ. ಆದರೆ ಕಾಲಿನ ಕಾಯಿಲೆಗೆ ಅಂತ ಮಾಡಿಸಿದ ಪಾದರಕ್ಷೆ ಹಾಕಿದ 72 ವರ್ಷದವರನ್ನು ಬಾಗಿಲಲ್ಲೇ ತಡೆಯುವುದು ಸರಿ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಅಪ್ಪ ಅಮ್ಮನನ್ನು ಅಲ್ಲೇ ಕೂರಿಸಿ ಊಟ ಮಾಡಿಸಬೇಕು ಅಂತ ತಮ್ಮ ಹಟ ಹಿಡಿದು ಮೂರನೇ ರಾತ್ರಿಗೆ ಮತ್ತೆ ಟೇಬಲ್ ಹಿಡಿದ. ಎರಡನೇ ದಿನ ಮಧ್ಯಾಹ್ನ ಪೆನಾಂಗ್. ಹಡಗು ಜಾರ್ಜ್ ಟೌನ್‌ನ ಊರೊಳಗೇ ನಿಲ್ಲುತ್ತೆ. ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. ಅಲ್ಲಿ 1833ರ ಮಾರಿಯಮ್ಮನ ದೇವಸ್ಥಾನ ಇದೆ, ಅಪ್ಪ ಸ್ಯಾಂಡಲ್ ಬಿಚ್ಚಿ ಒಳಗೆ ಹೋಗಿ ಕೈಮುಗಿದು ಬಂದರು. ಊರು ನೋಡುವ ದಿನಕ್ಕೆ ಅಂಥ ಸ್ಯಾಂಡಲ್ಲೇ ಸರಿ. ಆಮೇಲೆ ಶೂ ಅಂಗಡಿ. ಹಡಗು ಹೊರಡುವ ಹೊತ್ತಾಗುತ್ತಿತ್ತು. ಅಪ್ಪನ ಪಾದ ಅಗಲ. ಅಗಲದ ಶೂ ಸಿಗಲಿಲ್ಲ. ಕಪ್ಪು ಬಣ್ಣದ್ದು ಒಂದು ಸ್ವಲ್ಪ ಬಿಗಿ ಅನಿಸಿದರೂ "ಆಗುತ್ತೆ ಬಿಡಪ್ಪ" ಅಂದರು, ತಗೊಂಡೆವು.

ಮೂರನೇ ದಿನ ಫುಕೆಟ್. ಅಲ್ಲಿ ನಮ್ಮ ಹಡಗು ದಡಕ್ಕೆ ತಾಗಲಿಲ್ಲ, ಸಣ್ಣ ದೋಣಿಯಲ್ಲಿ ಪಟಾಂಗ್ ತೀರಕ್ಕೆ ಕರೆದೊಯ್ದರು. ಯಜಮಾನರು ಊಟಕ್ಕಿರುವ ಶೂವನ್ನೇ ಹಾಕಿಕೊಂಡು ಹೋಗಿ ಉಪ್ಪುನೀರಲ್ಲಿ ನೆನೆಸಿ ತಂದರು. ರಾತ್ರಿಯೊಳಗೆ ಹೇರ್ ಡ್ರೈಯರ್‌ನಲ್ಲಿ ಒಣಗಿಸಬೇಕಾಯಿತು.

ಆ ರಾತ್ರಿ ಊಟ ಚೆನ್ನಾಗಿಯೇ ಆಯಿತು. ಅಪ್ಪ ನಗುನಗುತ್ತಾ ಇದ್ದರು. ನೋವು ಅಂತ ಒಂದು ಮಾತು ಹೇಳಲಿಲ್ಲ. ಸಹಿಸಿಕೊಂಡರು ಅಂತ ಆಮೇಲೆ ಅಂದುಕೊಂಡೆ. ಅದೂ ಅಲ್ಲ, ಅವರಿಗೆ ನೋವು ಗೊತ್ತೇ ಆಗಿರಲಿಲ್ಲ. ರೂಮಿಗೆ ಬಂದು ಕಾಲುಚೀಲ ಬಿಚ್ಚಿದಾಗ ಅದು ಹಿಮ್ಮಡಿಗೆ ಅಂಟಿಕೊಂಡಿತ್ತು. ಶೂ ಕಚ್ಚಿ, ಬೊಬ್ಬೆ ಎದ್ದು, ಒಡೆದು, ಒಂದು ರೂಪಾಯಿ ಅಗಲ ಚರ್ಮ ಕಿತ್ತು ರಕ್ತ ಬಂದಿತ್ತು. ಕಿರುಬೆರಳ ಪಕ್ಕ ಇನ್ನೊಂದು. ತುಂಬಾ ವರ್ಷ ಶುಗರ್ ಇದ್ದವರಿಗೆ ಕಾಲಿನ ನರಗಳು ಮಂದವಾಗಿ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಗಂಟೆಗಟ್ಟಲೆ ಹೊಸ ಶೂ ಹಾಕಿಸಿ ಕೂರಿಸಿದ್ದೆ.

ಹಡಗಿನ ಡಾಕ್ಟರ್ ತೊಳೆದು ಪಟ್ಟಿ ಕಟ್ಟಿದರು, ಅದರ ಬಿಲ್ ಊಟದ ಬಿಲ್ಲಿಗಿಂತ ದೊಡ್ಡದಾಯಿತು. ಕೊನೆಯ ದಿನ ಅಪ್ಪ ಕಾಲು ದಿಂಬಿನ ಮೇಲಿಟ್ಟು ರೂಮಲ್ಲೇ ಕಳೆದರು. ಊರಿಗೆ ಬಂದಮೇಲೆ ಎರಡು ದಿನಕ್ಕೊಮ್ಮೆ ಡ್ರೆಸಿಂಗ್, ಆಂಟಿಬಯೋಟಿಕ್. ಕೀವು ಆಗಿದ್ದರೆ ಬೆರಳಿಗೇ ಬರುತ್ತಿತ್ತು ಅಂತ ನಮ್ಮ ಡಾಕ್ಟರ್ ಗದರಿದರು.

ಹಾಗಾಗಿ ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ಶುಗರ್ ಇರುವವರಿದ್ದರೆ ಪ್ರವಾಸದ ನಡುವೆ ಹೊಸ ಶೂ ಕೊಂಡು ಹಾಕಿಸಬೇಡಿ. ಒಂದು ತಿಂಗಳು ಮುಂಚೆ, ಸಂಜೆ ಹೊತ್ತು ಅಂಗಡಿಗೆ ಕರೆದೊಯ್ಯಿರಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತೆ, ಆಗ ಸರಿಯಾಗುವ ಅಳತೆಯೇ ನಿಜವಾದ ಅಳತೆ. ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ಹಾಕಿ ಓಡಾಡಲಿ, ಬಿಚ್ಚಿದ ಮೇಲೆ ಹಿಮ್ಮಡಿ, ಬೆರಳುಸಂದಿ ಎಲ್ಲ ನೀವೇ ಕಣ್ಣಾರೆ ನೋಡಿ. ಅಪ್ಪನಿಗೆ ಈಗ ಲಿಡ್ಕರ್ ಮಳಿಗೆಯಲ್ಲಿ ಅಗಲ ಮೂತಿಯ ಚರ್ಮದ ಶೂ ಕೊಡಿಸಿದ್ದೇವೆ.

ಮುಚ್ಚಿದ ಶೂ ಹಾಕಲೇ ಆಗದವರಿದ್ದರೆ ಟಿಕೆಟ್ ಬುಕ್ ಮಾಡಿದ ಕೂಡಲೇ ಕಂಪನಿಗೆ ಮೇಲ್ ಬರೆದು ಕೇಳಿ. ತಮ್ಮ ಬಂದಮೇಲೆ ಬರೆದ. ಡಾಕ್ಟರ ಚೀಟಿ ಮುಂಚೆಯೇ ಕಳಿಸಿದ್ದರೆ ಆ ಸ್ಯಾಂಡಲ್ಲಿಗೇ ಒಪ್ಪಿಗೆ ಕೊಡಬಹುದಿತ್ತು ಅಂತ ಉತ್ತರ ಬಂತು. ಪಂಚೆ ಶಲ್ಯಕ್ಕೂ ಅಡ್ಡಿಯಿಲ್ಲವಂತೆ. ಬಾಗಿಲಲ್ಲಿ ನಿಂತು ಅಷ್ಟು ಬೇಡಿದಾಗ ಈ ಮಾತನ್ನು ಒಬ್ಬರೂ ಹೇಳಲಿಲ್ಲ. ಒಪ್ಪಿಗೆ ಸಿಕ್ಕರೆ ಆ ಮೇಲ್ ಪ್ರಿಂಟ್ ಮಾಡಿ ಜೊತೆಗಿಟ್ಟುಕೊಳ್ಳಿ. ಒಂದೊಂದು ಕಂಪನಿಯದ್ದು ಒಂದೊಂದು ನಿಯಮ, ಒಂದೇ ಹಡಗಿನಲ್ಲೂ ರೆಸ್ಟೋರೆಂಟಿನಿಂದ ರೆಸ್ಟೋರೆಂಟಿಗೆ ಬದಲಾಗುತ್ತೆ. ಕೆಲವು ಕಡೆ ನೀಟಾದ ಸ್ಪೋರ್ಟ್ಸ್ ಶೂ ನಡೆಯುತ್ತೆ, ಕೆಲವು ಕಡೆ ಇಲ್ಲ. ಹೆಂಗಸರಿಗೆ ಇಷ್ಟು ಬಿಗಿ ಇಲ್ಲದಿದ್ದರೂ ಚೂಪು ಹೀಲ್ಸ್ ಬೇಡ. ಹಡಗು ಸ್ವಲ್ಪ ತೂಗಿದರೂ ಕಾಲು ಉಳುಕುತ್ತೆ.

ಮುಂದಿನ ತಿಂಗಳು ಚಿಕ್ಕಪ್ಪ ಚಿಕ್ಕಮ್ಮ ಇಂಥದ್ದೇ ಪ್ರವಾಸಕ್ಕೆ ಹೊರಟಿದ್ದಾರೆ. ಮೊನ್ನೆ ವಿಡಿಯೋ ಕಾಲ್ ಮಾಡಿ ಇದನ್ನೆಲ್ಲ ಹೇಳಿದೆ. "ನಂದು ಗಟ್ಟಿಮುಟ್ಟಾಗಿದೆ, ಮಗಳ ನಾಮಕರಣಕ್ಕೆ ತಗೊಂಡಿದ್ದು" ಅಂದರು ಚಿಕ್ಕಪ್ಪ. ಆದರೂ ತಂದು ತೋರಿಸಿ ಅಂತ ಹಟ ಮಾಡಿದೆ. ಬೀರು ಕೆಳಗಿಂದ ತೆಗೆದು, ಮಗುಚಿ ಹಿಡಿದು, ಹೆಬ್ಬೆರಳಲ್ಲಿ ಒತ್ತಿದರು. ಬೆರಳು ಗೆಣ್ಣಿನ ತನಕ ಒಳಗೆ ಹೋಯಿತು.