ಶಾಖ ತಡೆಯುವ ಕೃತಕ ಕೂದಲಿನ ವಿಗ್: ಕಾರವಾರದಲ್ಲಿ ನಾಲ್ಕು ಮಳೆಗಾಲ ಬಳಸಿದ ಮೇಲೆ

2021ರ ಬೇಸಿಗೆಯಿಂದ ನಾನು ವಿಗ್ ಧರಿಸುತ್ತಿದ್ದೇನೆ. ಅಲೋಪೇಸಿಯಾ ಏರಿಯೇಟಾ ಎಂಬ ತೊಂದರೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡವನ್ನು ಘಾಸಿಗೊಳಿಸುತ್ತದೆ. ನನ್ನ ತಲೆಯಲ್ಲಿ ಮೊದಲು ನಾಣ್ಯದಗಲದ ಎರಡು ಬೋಳು ಕಲೆಗಳು ಕಾಣಿಸಿಕೊಂಡು, ವರ್ಷ ತುಂಬುವುದರೊಳಗೆ ಒಂದನ್ನೊಂದು ಕೂಡಿಕೊಂಡವು. ಕಾರವಾರದಲ್ಲಿ ಕಚೇರಿ ಕೆಲಸ ಮಾಡುವ ನಾನು ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತು ಗಂಟೆ ವಿಗ್ ಹಾಕಿಕೊಂಡಿರುತ್ತೇನೆ. ಈಗ ಬಳಸುತ್ತಿರುವುದು ಆನ್‌ಲೈನ್‌ನಲ್ಲಿ ತರಿಸಿದ, ಭುಜದವರೆಗೆ ಬರುವ, ತುದಿಯಲ್ಲಿ ತುಸು ಗುಂಗುರಾದ, ಶಾಖ ತಡೆಯುವ ಕೃತಕ ಎಳೆಯ ವಿಗ್. 2022ರ ಜೂನ್‌ನಿಂದ ಇದೇ ಮಾದರಿಯ ಆರು ವಿಗ್‌ಗಳನ್ನು ಕೊಂಡಿದ್ದೇನೆ. ಪ್ರತಿಯೊಂದಕ್ಕೆ 2,900 ರೂಪಾಯಿಯಂತೆ ಈವರೆಗೆ 17,400 ರೂಪಾಯಿ ಖರ್ಚಾಗಿದೆ. ಇಷ್ಟು ಹಣ ಕೊಟ್ಟು ಕಲಿತದ್ದರಲ್ಲಿ ಹೆಚ್ಚಿನದು ಬಿಸಿಗೆ ಸಂಬಂಧಿಸಿದ್ದು. ಕೊಳ್ಳುವ ಮೊದಲೇ ಯಾರಾದರೂ ಹೇಳಿದ್ದರೆ ಎರಡು ವಿಗ್‌ಗಳಾದರೂ ಉಳಿಯುತ್ತಿದ್ದವು ಎಂಬ ಕಾರಣಕ್ಕೆ ಈ ವಿಮರ್ಶೆಯನ್ನು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ಮಾದರಿಗೆ ಬರುವ ಮೊದಲು ನನ್ನಲ್ಲಿದ್ದದ್ದು ಶಾಖ ತಡೆಯದ ಸಾಮಾನ್ಯ ಎಳೆಯ ವಿಗ್. 2022ರ ಫೆಬ್ರವರಿಯಲ್ಲಿ ಅದನ್ನು ಹಾಕಿಕೊಂಡೇ ಶಿರಸಿ ಸಮೀಪದ ತವರಿಗೆ ಹೋಗಿದ್ದೆ. ಆಲೆಮನೆ ನಡೆಯುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ನೊರೆ ಕಟ್ಟುವ ಹೊತ್ತಿಗೆ, ಚಿಕ್ಕಂದಿನ ಅಭ್ಯಾಸದಂತೆ ನೊರೆಬೆಲ್ಲಕ್ಕೆಂದು ಬಾಳೆಲೆ ಹಿಡಿದು ಅಂಚಿನಲ್ಲಿ ಬಗ್ಗಿ ನಿಂತೆ. ಬೆಂಕಿ ತಾಗಲಿಲ್ಲ, ಕಿಡಿಯೂ ಹಾರಲಿಲ್ಲ. ಆದರೂ ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ಹಣೆಯ ಮೇಲಿನ ಕೂದಲು ಸುಕ್ಕುಗಟ್ಟಿ, ತೆಂಗಿನ ನಾರಿನಂತೆ ಒರಟಾಗಿ ನಿಂತಿತ್ತು. ಚಿಕ್ಕಮ್ಮ ಕೈಯಾಡಿಸಿ ನೋಡಿ, "ಕೂಸೇ, ಎಣ್ಣೆ ಹಚ್ಚಿದರೆ ಸರಿಯಾಗುತ್ತದೆಯೇ?" ಎಂದು ಕೇಳಿದರು. ಸರಿಯಾಗಲಿಲ್ಲ, ಸರಿಯಾಗುವುದು ಸಾಧ್ಯವೂ ಇರಲಿಲ್ಲ. ನಮ್ಮ ಕೂದಲು ಕೊಬ್ಬರಿ ಎಣ್ಣೆಯನ್ನು ತಕ್ಕಮಟ್ಟಿಗೆ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಳೆ ಹೀರುವುದಿಲ್ಲ, ಎಣ್ಣೆ ಅದರ ಮೈಮೇಲೆ ಅಂಟಿ ಕುಳಿತು ಧೂಳನ್ನು ಹಿಡಿಯುತ್ತದೆ.

ಅಂದು ಏನಾಯಿತು ಎಂಬುದನ್ನು ತಿಳಿದುಕೊಂಡ ಮೇಲೆಯೇ ಕೃತಕ ಕೂದಲಿಗೆ ಸುರುಳಿ ಹಾಕುವ ವಿಧಾನವೂ ಅರ್ಥವಾಯಿತು. ಸಾಮಾನ್ಯ ವಿಗ್‌ಗಳಲ್ಲಿ ಹೆಚ್ಚಾಗಿ ಮೋಡಾಕ್ರಿಲಿಕ್ ಎಂಬ ಎಳೆ ಇರುತ್ತದೆ. ಶಾಖ ತಡೆಯುವವು ಬಹುಮಟ್ಟಿಗೆ ಪಾಲಿಯೆಸ್ಟರ್ ಜಾತಿಯವು. ಎರಡೂ ಒಂದು ಮಟ್ಟದ ಬಿಸಿ ದಾಟಿದೊಡನೆ ಒಳಗೊಳಗೇ ಮೆದುವಾಗಿ, ಆ ಗಳಿಗೆಯಲ್ಲಿ ಯಾವ ಆಕಾರದಲ್ಲಿರುತ್ತವೆಯೋ ಅದೇ ಆಕಾರವನ್ನು ತಣಿಯುವಾಗ ಹಿಡಿದುಕೊಳ್ಳುತ್ತವೆ. ಪಾಲಿಯೆಸ್ಟರ್ ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗಲು ತೊಡಗುತ್ತದೆ, ಕರಗುವುದು 250 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಕರಗುವುದಕ್ಕೆ ಬಹಳ ಮೊದಲೇ ಎಳೆ ಕುಗ್ಗಿ ಒರಟಾಗಿಬಿಡುತ್ತದೆ. ಹೀಗಾಗಿ ಮೆದುವಾಗುವ ಮಟ್ಟಕ್ಕೂ ಕೆಡುವ ಮಟ್ಟಕ್ಕೂ ನಡುವೆ ಇರುವ ಜಾಗದಲ್ಲಷ್ಟೇ ನಾವು ಕೆಲಸ ಮಾಡಬೇಕು. ಸಾಮಾನ್ಯ ಎಳೆಯಲ್ಲಿ ಈ ಜಾಗ ಬಹಳ ಕಿರಿದು, ಶಾಖ ತಡೆಯುವ ಎಳೆಯಲ್ಲಿ ಸಾಕಷ್ಟು ಅಗಲ. ಹೆಚ್ಚು ಬೆಲೆ ಕೊಡುವುದು ಈ ಅಗಲಕ್ಕಾಗಿಯೇ.

ಇಷ್ಟು ತಿಳಿದ ಮೇಲೂ ಈ ಮಾದರಿಯ ಮೊದಲ ವಿಗ್ ಮೂರೇ ತಿಂಗಳಲ್ಲಿ ಕೆಟ್ಟಿತು, ಮತ್ತು ಅದಕ್ಕೆ ಕಾರಣ ಒಂದು ಅಂಕಿ. ಒಳಗಿನ ಚೀಟಿಯಲ್ಲಿ ಗರಿಷ್ಠ ಶಾಖ 320 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಫ್ಯಾರನ್‌ಹೀಟ್ ಎಂಬುದರ ಗುರುತು ಭೂತಗನ್ನಡಿಗೆ ಮಾತ್ರ ಕಾಣುವಷ್ಟು ಚಿಕ್ಕದಾಗಿತ್ತು. ನಾನು ಹೋದ ಬ್ಯೂಟಿ ಪಾರ್ಲರ್‌ನ ಕರ್ಲಿಂಗ್ ಟಾಂಗ್ (ಕೂದಲನ್ನು ಸುತ್ತಿ ಸುರುಳಿ ಮಾಡುವ ಬಿಸಿ ಕೋಲು) ಸೆಲ್ಸಿಯಸ್‌ನದು. 210ಕ್ಕೆ ಇಟ್ಟರೆ 320ಕ್ಕಿಂತ ಎಷ್ಟೋ ಕಡಿಮೆಯಾಯಿತಲ್ಲ ಎಂದು ಅವರೂ ಭಾವಿಸಿದರು, ನಾನೂ ಒಪ್ಪಿದೆ. ವಾಸ್ತವದಲ್ಲಿ 320 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಸರಿಯಾಗಿ 160 ಡಿಗ್ರಿ ಸೆಲ್ಸಿಯಸ್. ಮೊದಲ ಸುತ್ತಿನಲ್ಲೇ ಎಳೆಗಳು ಟಾಂಗ್‌ಗೆ ಅಂಟಿಕೊಂಡು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಪಾರ್ಲರ್‌ನವರನ್ನು ದೂರಲು ನನಗೆ ಮನಸ್ಸಿಲ್ಲ; ತಪ್ಪು ಆ ಚೀಟಿಯದು. ನಮ್ಮ ದೇಶದಲ್ಲಿ ಮಾರುವ ವಸ್ತುವಿನ ಮೇಲೆ ಸೆಲ್ಸಿಯಸ್‌ನ ಅಂಕಿಯನ್ನು ದೊಡ್ಡದಾಗಿ ಅಚ್ಚುಹಾಕುವುದು ತಯಾರಕರ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ. ಈ ಬಗ್ಗೆ ಎರಡು ಬಾರಿ ಬರೆದಿದ್ದೇನೆ, ಆರನೆಯ ವಿಗ್‌ನಲ್ಲೂ ಅದೇ ಚೀಟಿ ಬಂದಿದೆ. ಚೀಟಿಯಲ್ಲಿ 200ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಅದು ಫ್ಯಾರನ್‌ಹೀಟ್ ಎಂದೇ ಮೊದಲು ಶಂಕಿಸಿ. ಅದರಲ್ಲಿ 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಸೆಲ್ಸಿಯಸ್ ಸಿಗುತ್ತದೆ.

ಆ ಘಟನೆಯ ನಂತರ ಶಾಖದ ಅಂಕಿ ಕಾಣಿಸುವ ಟಾಂಗ್ ಒಂದನ್ನು ನಾನೇ ಕೊಂಡೆ. ಅಂಕಿಯಿಲ್ಲದ, ಕೇವಲ ಸ್ವಿಚ್ ಇರುವ ಟಾಂಗ್‌ಗಳು ಎಷ್ಟೇ ಅಗ್ಗವಾಗಿದ್ದರೂ ಕೃತಕ ಕೂದಲಿಗೆ ತರಬೇಡಿ. ಕೆಲವು ಟಾಂಗ್‌ಗಳು ಸ್ವಿಚ್ ಹಾಕಿದೊಡನೆ ತಾವಾಗಿಯೇ 200 ಡಿಗ್ರಿಗೆ ಏರುವಂತೆ ಇರುತ್ತವೆ, ಆದ್ದರಿಂದ ಪ್ರತಿ ಸಲವೂ ಅಂಕಿಯನ್ನು ನೋಡಿ ಇಳಿಸಿಕೊಳ್ಳಬೇಕು. ನನ್ನ ಕ್ರಮ ಹೀಗಿದೆ. ತೊಳೆದ ವಿಗ್ ಪೂರ್ತಿ ಒಣಗಿದ ಮೇಲೆ ಅದನ್ನು ಸ್ಟ್ಯಾಂಡ್ ಮೇಲೆ ಪಿನ್ ಹಾಕಿ ಕೂರಿಸುತ್ತೇನೆ. ತಲೆಯ ಮೇಲಿಟ್ಟುಕೊಂಡು ಸುರುಳಿ ಹಾಕುವುದಿಲ್ಲ, ಏಕೆಂದರೆ ಬಿಸಿ ತಾಗಿದರೆ ವಿಗ್‌ನ ಜೊತೆಗೆ ಕಿವಿಯೂ ಕತ್ತೂ ಸುಡುತ್ತವೆ. ಎಳೆಗಳ ನಡುವೆ ನೀರು ಉಳಿದಿದ್ದರೆ ಟಾಂಗ್ ತಾಗಿದೊಡನೆ ಅದು ಆವಿಯಾಗಿ ಎಳೆಯನ್ನು ಕೆಡಿಸುತ್ತದೆ, ಹಾಗಾಗಿ ಒಣಗುವವರೆಗೆ ಕಾಯುವುದರಲ್ಲಿ ರಾಜಿ ಇಲ್ಲ. ಮೊದಲು ಕತ್ತಿನ ಹಿಂಭಾಗದಲ್ಲಿ ಒಳಗಿರುವ, ಕಣ್ಣಿಗೆ ಬೀಳದ ಒಂದು ಎಸಳನ್ನು ಆರಿಸಿ 110 ಡಿಗ್ರಿಯಲ್ಲಿ ಪರೀಕ್ಷಿಸುತ್ತೇನೆ. ಸುರುಳಿ ನಿಲ್ಲದಿದ್ದರೆ ಹತ್ತು ಹತ್ತು ಡಿಗ್ರಿಯಾಗಿ ಏರಿಸುತ್ತೇನೆ. ಈ ಮಾದರಿಗೆ 130 ಡಿಗ್ರಿ ಸಾಕಾಗುತ್ತದೆ. ನಾಲ್ಕು ವರ್ಷಗಳಲ್ಲಿ 140 ದಾಟುವ ಅಗತ್ಯ ಒಮ್ಮೆಯೂ ಬಂದಿಲ್ಲ. ಚೀಟಿಯ 160 ಆ ಎಳೆ ತಾಳಬಲ್ಲ ಕೊನೆಯ ಗಡಿ, ಅಲ್ಲಿಯವರೆಗೆ ಹೋಗಿ ನೋಡುವುದರಿಂದ ಯಾವ ಪ್ರಯೋಜನವೂ ಇಲ್ಲ.

ಬೆರಳಗಲದ ಎಸಳನ್ನು ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ, ಟಾಂಗ್‌ಗೆ ಸುತ್ತಿ ಏಳೆಂಟು ಸೆಕೆಂಡ್ ಹಿಡಿಯುತ್ತೇನೆ. ಬುಡದ ಎರಡು ಬೆರಳಿನಷ್ಟು ಜಾಗಕ್ಕೆ ಬಿಸಿ ಸೋಕಿಸುವುದಿಲ್ಲ. ಎಳೆಗಳನ್ನು ಹೊಲಿದಿರುವ ಟೋಪಿಯೂ ಎಲಾಸ್ಟಿಕ್ಕೂ ಅಲ್ಲಿರುತ್ತವೆ. ಇನ್ನು ಮುಖ್ಯವಾದ ಘಟ್ಟ. ಟಾಂಗ್‌ನಿಂದ ಜಾರಿಸಿದ ಸುರುಳಿಯನ್ನು ಇಳಿಬಿಡದೆ, ಹಾಗೆಯೇ ಉಂಗುರವಾಗಿ ಅಂಗೈಯಲ್ಲಿ ಹಿಡಿದು ಕ್ಲಿಪ್ ಹಾಕಿ ಇಡಬೇಕು. ಬಿಸಿಯಿರುವಾಗಲೇ ಇಳಿಬಿಟ್ಟರೆ ತನ್ನ ಭಾರಕ್ಕೆ ತಾನೇ ಜಗ್ಗಿ, ಆ ಜಗ್ಗಿದ ಆಕಾರವೇ ಕೂತುಬಿಡುತ್ತದೆ. ಬಿಸಿ ಎಳೆಯನ್ನು ಮೆದು ಮಾಡುತ್ತದೆ ಅಷ್ಟೆ, ಸುರುಳಿ ಕೂರುವುದು ತಣಿಯುವಾಗ. ಮೊದಮೊದಲು ಇದು ತಿಳಿಯದೆ, ಸುರುಳಿ ನಿಲ್ಲಲಿಲ್ಲವೆಂದು ಮತ್ತೆ ಮತ್ತೆ ಬಿಸಿಯನ್ನೇ ಏರಿಸುತ್ತಿದ್ದೆ. ಈಗ ಇಡೀ ತಲೆಗೆ ಕ್ಲಿಪ್ ಹಾಕಿ ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಟ್ಟು, ಅಂಗೈಗೆ ಸ್ವಲ್ಪವೂ ಬೆಚ್ಚಗೆ ಅನಿಸದಿದ್ದಾಗ ಒಂದೊಂದಾಗಿ ಬಿಚ್ಚಿ, ಬೆರಳಿನಿಂದಲೇ ಬಿಡಿಸುತ್ತೇನೆ. ಹೇರ್ ಸ್ಪ್ರೇ ಹಾಕುವುದಿದ್ದರೆ ಎಲ್ಲ ಮುಗಿದ ಮೇಲೆ ಮಾತ್ರ. ಬಹುತೇಕ ಸ್ಪ್ರೇಗಳಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಆಲ್ಕೋಹಾಲ್ ಇರುವುದರಿಂದ ಸ್ಪ್ರೇ ಹಾಕಿದ ಕೂದಲಿಗೆ ಟಾಂಗ್ ಹಿಡಿಯುವುದು ಅಪಾಯಕಾರಿ.

ಸಾಮಾನ್ಯ ಎಳೆಯ ವಿಗ್ ಇರುವವರು ಟಾಂಗ್, ಸ್ಟ್ರೈಟ್ನರ್, ಬಿಸಿಗಾಳಿಯ ಡ್ರೈಯರ್ ಮೂರನ್ನೂ ದೂರವಿಡಬೇಕು. ಅವರಿಗೆ ಬಿಸಿನೀರಿನ ದಾರಿ ಇದೆ, ಮತ್ತು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಸಳುಗಳನ್ನು ಪ್ಲಾಸ್ಟಿಕ್ ರೋಲರ್‌ಗಳಿಗೆ ಸುತ್ತಿ, ಸುಮಾರು 75 ಡಿಗ್ರಿಯ ನೀರನ್ನು ನಿಧಾನವಾಗಿ ಸುರಿದು, ಕೂಡಲೇ ತಣ್ಣೀರು ಸುರಿಯಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಎರಡು ತಂಬಿಗೆ ಕುದಿಯುವ ನೀರಿಗೆ ಒಂದು ತಂಬಿಗೆ ನಲ್ಲಿಯ ನೀರು ಬೆರೆಸಿ. ನಮ್ಮ ಕರಾವಳಿಯ ನಲ್ಲಿಯ ನೀರು ಇರುವ ಹದಕ್ಕೆ ಲೆಕ್ಕ ಸರಿಹೋಗುತ್ತದೆ. ವಿಗ್ ತಲೆಯ ಮೇಲಿರುವಾಗ ಈ ಕೆಲಸವನ್ನು ಖಂಡಿತ ಮಾಡಬಾರದು. ರೋಲರ್‌ಗಳನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿಚ್ಚಿದರೆ ಮುಂದಿನ ಎರಡು ಮೂರು ತೊಳೆತದವರೆಗೆ ಸುರುಳಿ ಕದಲುವುದಿಲ್ಲ.

ಕಾರವಾರದಂಥ ಊರಿನಲ್ಲಿ ಕೃತಕ ಕೂದಲಿನ ನಿಜವಾದ ಲಾಭ ಗೊತ್ತಾಗುವುದು ಜೂನ್ ಬಂದಾಗ. ನಮ್ಮ ಸ್ವಂತ ಕೂದಲಿಗೆ ಟಾಂಗ್ ಹಾಕಿದಾಗ ಕೂಡುವ ಸುರುಳಿಯನ್ನು ಹಿಡಿದಿಡುವುದು ಹೈಡ್ರೋಜನ್ ಬಂಧಗಳು. ತೇವ ಸೋಕಿದೊಡನೆ ಅವು ಬಿಟ್ಟುಕೊಳ್ಳುತ್ತವೆ. ಅಂಕೋಲೆಯಲ್ಲಿ ಜುಲೈ ತಿಂಗಳ ಮದುವೆಯೊಂದಕ್ಕೆ ಸಹೋದ್ಯೋಗಿಯೊಬ್ಬರು ಬೆಳಗಿನ ಜಾವ ಎದ್ದು ಹಾಕಿಸಿಕೊಂಡ ಸುರುಳಿಗಳು ಊಟದ ಪಂಕ್ತಿ ಏಳುವ ಮೊದಲೇ ಇಳಿದುಹೋಗಿದ್ದವು. ನನ್ನವು ಹಿಂದಿನ ಭಾನುವಾರ ಹಾಕಿದಂತೆಯೇ ಇದ್ದವು. ಕೂದಲು ಕಳೆದುಕೊಂಡ ದುಃಖದಲ್ಲಿ ಅಂದು ನನಗೆ ಸಿಕ್ಕ ಸಮಾಧಾನ ಸಣ್ಣದಾಗಿರಲಿಲ್ಲ. ಆದರೆ ಬಿಸಿಯಲ್ಲಿ ಹಿಡಿದ ಆಕಾರವನ್ನು ಬಿಡದ ಅದೇ ಗುಣ ಬೇಸಿಗೆಯಲ್ಲಿ ತಿರುಗಿ ಬೀಳುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಟಾಗೋರ್ ಕಡಲತೀರದ ಬಳಿ ನಿಲ್ಲಿಸಿದ್ದ ಕಾರಿನಲ್ಲಿ, ಗಾಜಿನ ಕೆಳಗೆ ಚೀಲದಲ್ಲಿ ಮಡಿಸಿಟ್ಟಿದ್ದ ವಿಗ್‌ಗೆ ಆ ಮಡಿಕೆಯೇ ಅಚ್ಚಾಗಿ ಕೂತಿತ್ತು. ಬಿಸಿನೀರಿನ ಉಪಾಯದಿಂದ ಅದನ್ನು ತೆಗೆಯಲು ಎರಡು ದಿನ ಹಿಡಿಯಿತು.

ಶಾಖ ತಡೆಯುತ್ತದೆ ಎಂಬ ಮಾತನ್ನು ಬೆಂಕಿ ತಡೆಯುತ್ತದೆ ಎಂದು ಯಾರೂ ತಿಳಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಪಾಲಿಯೆಸ್ಟರ್ ಎಳೆ ಬೆಂಕಿಗೆ ಕರಗಿ ತೊಟ್ಟಿಕ್ಕುತ್ತದೆ, ಆ ಹನಿ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಮೋಡಾಕ್ರಿಲಿಕ್ ತಾನಾಗಿ ಹೊತ್ತಿ ಉರಿಯುವುದು ಕಡಿಮೆಯಾದರೂ ಸುಟ್ಟಾಗ ವಿಷಕಾರಿ ಅನಿಲ ಬಿಡುತ್ತದೆ. ಆರತಿ ತಟ್ಟೆ, ದೀಪದ ಕಂಬ, ಹೋಮದ ಕುಂಡ ಇವುಗಳ ಹತ್ತಿರ ನಾನು ಬಗ್ಗುವುದಿಲ್ಲ. ಕುಕ್ಕರ್ ತೆರೆಯುವಾಗ, ತವರಿನಲ್ಲಿ ಬಿಸಿ ಗಡಿಗೆಯ ಮೇಲೆ ತೊಡೆದೇವು ಎಂಬ ಸಿಹಿ ತಿನಿಸು ತೆಗೆಯುವಾಗ, ವಿಗ್ ತೆಗೆದಿಟ್ಟು ಹತ್ತಿಯ ವಸ್ತ್ರ ಕಟ್ಟಿಕೊಳ್ಳುತ್ತೇನೆ. ಸುರುಳಿ ಹಾಕುವಾಗ ಪ್ಲಾಸ್ಟಿಕ್ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಕಿಟಕಿ ತೆರೆಯಬೇಕು.

ಇದೇ ಎಳೆಯ, ಸ್ವಂತ ಕೂದಲಿಗೆ ಸಿಕ್ಕಿಸಿಕೊಳ್ಳುವ ಕ್ಲಿಪ್ ಎಕ್ಸ್‌ಟೆನ್ಷನ್‌ಗಳನ್ನು 2023ರಲ್ಲಿ ತಂಗಿಯ ಮದುವೆಗೆ ತರಿಸಿದೆವು. ನಮ್ಮ ಅಜ್ಜಿಯ ಕಾಲದ ಚವರಿಯನ್ನು ಜಡೆಯೊಳಗೆ ಹೆಣೆದರೆ ಮುಗಿಯುತ್ತಿತ್ತು. ಇವನ್ನು ಬಿಟ್ಟ ಕೂದಲಿನೊಂದಿಗೆ ಬೆರೆಸಬೇಕಾದ್ದರಿಂದ ಕಷ್ಟ ಹೆಚ್ಚು. ಸ್ವಂತ ಕೂದಲನ್ನೂ ಎಕ್ಸ್‌ಟೆನ್ಷನನ್ನೂ ಒಟ್ಟಿಗೆ ಟಾಂಗ್‌ಗೆ ಸುತ್ತಬಾರದು, ಎರಡಕ್ಕೂ ಬೇಕಾದ ಬಿಸಿ ಬೇರೆ. ಎಕ್ಸ್‌ಟೆನ್ಷನ್‌ಗೆ ಹಿಂದಿನ ದಿನವೇ ಸುರುಳಿ ಹಾಕಿಟ್ಟು, ಸ್ವಂತ ಕೂದಲಿಗೆ ಬೇರೆಯಾಗಿ ಹಾಕಿ, ಕೊನೆಯಲ್ಲಿ ಕ್ಲಿಪ್ ಮಾಡಿದೆವು. ಲೋಹದ ಕ್ಲಿಪ್ ಬಿಸಿ ಹಿಡಿದುಕೊಂಡು ನೆತ್ತಿ ಸುಡುತ್ತದೆ, ಆದ್ದರಿಂದ ಅದರ ಹತ್ತಿರ ಟಾಂಗ್ ಸುಳಿಯಬಾರದು. ಭಟ್ಕಳ ಮಲ್ಲಿಗೆಯ ದಂಡೆಯ ಭಾರವೂ ಸೇರಿದ್ದರಿಂದ ಸಂಜೆಗೆ ಅವಳಿಗೆ ತಲೆನೋವು ಬಂದಿತ್ತು. ಬುಡ ಜಗ್ಗುವಂತೆ ದಿನವೂ ಧರಿಸಿದರೆ ಆ ಜಾಗದ ಕೂದಲು ಉದುರುತ್ತದೆ. ನನ್ನಂತೆ ಈಗಾಗಲೇ ಬೋಳು ಕಲೆಗಳಿರುವವರು ಕ್ಲಿಪ್‌ಗಳ ಆಸೆ ಬಿಡುವುದೇ ಒಳ್ಳೆಯದು. ಕಡಲ ಗಾಳಿಗೆ ಆ ಕ್ಲಿಪ್‌ಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದವು. ಎಕ್ಸ್‌ಟೆನ್ಷನ್‌ಗೆ ನಾನು ಐದರಲ್ಲಿ ಎರಡು ಅಂಕ ಮಾತ್ರ ಕೊಡುತ್ತೇನೆ.

ವಿಗ್‌ಗೆ ನಾಲ್ಕು ಕೊಡುತ್ತೇನೆ. ಮೊದಲನೆಯದು ಮೂರು ತಿಂಗಳು, ಎರಡನೆಯದು ಆರು ತಿಂಗಳು ಬಾಳಿದವು. 2023ರ ಮಾರ್ಚ್‌ನಲ್ಲಿ ಎರಡನ್ನು ಒಟ್ಟಿಗೆ ಕೊಂಡು, ದಿನ ಬಿಟ್ಟು ದಿನ ಬದಲಿಸುತ್ತ ಹದಿನೈದು ತಿಂಗಳು ಬಳಸಿದೆ. 2024ರ ಮಾರಿಕಾಂಬಾ ಜಾತ್ರೆಯ ಧೂಳನ್ನೂ ಅವು ತಡೆದುಕೊಂಡವು. ವಾರಕ್ಕೊಮ್ಮೆ ತಣ್ಣೀರಿನಲ್ಲಿ ಶಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸುವುದು ಬಿಟ್ಟರೆ ಬೇರೆ ಆರೈಕೆ ಮಾಡಿಲ್ಲ. ಟಾಂಗ್ ಹಿಡಿಯುವುದು ಈಗ ತಿಂಗಳಿಗೆ ಒಂದೇ ಸಲ, ಏಕೆಂದರೆ ಪ್ರತಿ ಬಿಸಿಗೂ ಎಳೆಯ ಹೊಳಪು ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ. ಕಾಲರ್ ಉಜ್ಜುವ ಕತ್ತಿನ ಭಾಗದಲ್ಲಿ ಐದಾರು ತಿಂಗಳಿಗೆ ಸಿಕ್ಕು ಕಟ್ಟುವುದು ಈ ಮಾದರಿಯ ದೋಷ, ಅದಕ್ಕೆ ನನಗೆ ಪರಿಹಾರ ಸಿಕ್ಕಿಲ್ಲ. ಆ ಎಸಳುಗಳನ್ನು ಒಳಗಿನಿಂದ ಕತ್ತರಿಸಿ ತೆಗೆಯುತ್ತೇನೆ. 2024ರ ಜುಲೈನಲ್ಲಿ ಕೊಂಡ ಜೋಡಿಯಲ್ಲಿ ಒಂದು ಈಗ ಮನೆಯೊಳಗಿನ ಬಳಕೆಗೆ ಇಳಿದಿದೆ, ಇನ್ನೊಂದನ್ನು ಈ ಬೆಳಿಗ್ಗೆಯೂ ಕಚೇರಿಗೆ ಹಾಕಿಕೊಂಡು ಬಂದಿದ್ದೇನೆ.