ಯೆಜ್ಡಿ ಟ್ಯಾಂಕಿನ ಡೆಂಟ್: ಒಂದು ಕಡೆ ಪುಟ್ಟಿ, ಇನ್ನೊಂದು ಕಡೆ ಗ್ಲೂ

ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಎರಡು ಮಗ್ಗುಲಲ್ಲೂ ಡೆಂಟ್ ಇತ್ತು. ಎರಡಕ್ಕೂ ಬೇರೆ ಬೇರೆ ರಿಪೇರಿ ಆಗಿದೆ. ಮೈಸೂರಿನ ಮಳೆ, ಬಿಸಿಲು ಎಲ್ಲ ಕಂಡ ಮೇಲೆ ಬರೆಯುತ್ತಿದ್ದೇನೆ.

ಬಲಗಡೆಯದು ಒಂದು ಗ್ಯಾರೇಜಿನ ಟಿಂಕರಿಂಗ್. ತಗಡನ್ನು ಎಳೆಯಲೇ ಇಲ್ಲ, ಗುಂಡಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಕೊಟ್ಟರು. ಕೊಟ್ಟ ದಿನ ಚೆನ್ನಾಗೇ ಇತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಬಿರುಕು, ಆಮೇಲೆ ಬೊಬ್ಬೆ. ಬಿಸಿಲಿಗೆ ನಿಲ್ಲಿಸಿದರೆ ಬಣ್ಣವೂ ಬೇರೆ ಕಾಣುತ್ತದೆ. ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಅಲ್ಲಿ ಹೊಡೆದ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಎಲ್ಲಿಂದ ತರೋದು?

ಎಡಗಡೆ ಡೆಂಟಿನಲ್ಲಿ ಬಣ್ಣ ಒಡೆದಿರಲಿಲ್ಲ. ಹಾಗಾಗಿ ಬಣ್ಣ ಮುಟ್ಟದೆ ಡೆಂಟ್ ತೆಗೆಯುವವರ ಹತ್ತಿರ ಹೋದೆ. ಕಾರಿನ ಬಾಗಿಲಾದರೆ ಒಳಗಿನಿಂದ ಸಲಾಕೆ ಹಾಕಿ ಒತ್ತಬಹುದು. ಟ್ಯಾಂಕಿಗೆ ಇರುವುದು ಮುಚ್ಚಳದ ಬಾಯಿ ಮತ್ತು ಕೆಳಗೆ ಪೆಟ್ರೋಲ್ ಕಾಕಿನ (ನಲ್ಲಿಯ) ತೂತು, ಜೊತೆಗೆ ಫ್ರೇಮ್ ಕೂರುವ ಒಳತಗಡು ಅಡ್ಡ ಬರುತ್ತದೆ. ಅದಕ್ಕೇ ಹೊರಗಿನಿಂದ ಎಳೆಯಬೇಕು. ಪ್ಲಾಸ್ಟಿಕ್ ಬಿಲ್ಲೆಗೆ ಬಿಸಿ ಗ್ಲೂ ಹಚ್ಚಿ ಅಂಟಿಸಿ, ಆರಿದ ಮೇಲೆ ಸ್ಲೈಡ್ ಹ್ಯಾಮರಿನಿಂದ (ಸರಳಿನ ಮೇಲೆ ಭಾರ ಜಾರಿಸಿ ಜಗ್ಗುವ ಸಾಧನ) ಎಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಗ್ಲೂ ಬಿಡಿಸಿ, ಸುತ್ತ ಉಬ್ಬಿದ ಕಡೆ ಮೆಲ್ಲಗೆ ತಟ್ಟಿ ಇಳಿಸಿ, ಮತ್ತೆ ಅಂಟಿಸುತ್ತಾರೆ. ಪಕ್ಕದಲ್ಲಿ ಪಟ್ಟೆಪಟ್ಟೆ ಲೈಟು. ಟ್ಯಾಂಕಿನ ಮೇಲೆ ಅದರ ಗೆರೆ ಬಾಗಿ ಕಂಡರೆ ಗುಂಡಿ ಇನ್ನೂ ಇದೆ ಅಂತ.

ದುಡ್ಡು ಪುಟ್ಟಿ ಕೆಲಸದ ಎರಡರಷ್ಟು. ಅಷ್ಟಾದರೂ ಕೆಳಗಿನ ವೆಲ್ಡ್ ಅಂಚಿನ ಹತ್ತಿರ ಒಂದು ಸಣ್ಣ ಮಡಿಕೆ ಉಳಿಯಿತು, ಅಲ್ಲಿ ತಗಡು ಗಟ್ಟಿ, ಎಳೆದರೂ ಬರಲ್ಲ. ಆ ದಿನ ನನಗೆ ಸಮಾಧಾನ ಇರಲಿಲ್ಲ.

ಈಗ ಇದೆ. ಭಾನುವಾರ ಬೆಳಿಗ್ಗೆ ಗಾಡಿ ಒರೆಸುವುದು ನನ್ನ ಅಭ್ಯಾಸ. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಸುಮ್ನೆ ಅಂಗೈ ಆಡಿಸುತ್ತೇನೆ. ಎಡಗಡೆ ಕೈ ಎಲ್ಲೂ ನಿಲ್ಲುವುದಿಲ್ಲ. ಫ್ಯಾಕ್ಟರಿ ಬಣ್ಣ, ಪಟ್ಟಿಯ ಗೆರೆ ಹಾಗೇ ಉಳಿದಿವೆ. ಆ ಮಡಿಕೆ ಬಗ್ಗಿ ಹುಡುಕಿದರೆ ಮಾತ್ರ ಕಾಣುತ್ತದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನೀವೂ ಮಾಡಿಸುವುದಾದರೆ ಮೊದಲು ಅಯಸ್ಕಾಂತ ಹಚ್ಚಿ ನೋಡಿ. ಸರಿಯಾಗಿ ಕಚ್ಚದಿದ್ದರೆ ಕೆಳಗೆ ದಪ್ಪ ಪುಟ್ಟಿ ಇದೆ. ಅಂಥ ಕಡೆ ಗ್ಲೂ ಎಳೆದರೆ ಬಣ್ಣವೇ ಕಿತ್ತು ಬರಬಹುದು. ನನ್ನ ಟ್ಯಾಂಕಿನ ಬಲಗಡೆಗೆ ಗ್ಲೂ ಕೆಲಸದವರು ಕೈ ಹಾಕದಿದ್ದದ್ದು ಇದಕ್ಕೇ. ಅದನ್ನಿನ್ನು ಪುಟ್ಟಿ ಕೆರೆದು, ತಗಡಿಗೆ ವಾಷರ್ ವೆಲ್ಡ್ ಮಾಡಿಯೇ ಎಳೆಸಬೇಕು. ವೆಲ್ಡ್ ಮಾಡಲು ಪೆಟ್ರೋಲ್ ಖಾಲಿ ಮಾಡಿದರೆ ಸಾಲದು, ಒಳಗೆ ಆವಿ ಉಳಿದಿದ್ದರೂ ಟ್ಯಾಂಕ್ ಸಿಡಿಯಬಹುದು. ಚೆನ್ನಾಗಿ ತೊಳೆದು, ನೀರು ತುಂಬಿಸಿ ಆಮೇಲೆ ಬೆಂಕಿ ಹತ್ತಿರ ತರುವ ವೆಲ್ಡರ್ ಸಿಗುವ ತನಕ ಆ ಬೊಬ್ಬೆ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.