ರೂಮ್‌ಮೇಟ್ ಡಬ್ಬಿಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ

ಪಿಜಿ, ಹಾಸ್ಟೆಲ್‌ನಲ್ಲಿ ಇರುವವರು ದಯವಿಟ್ಟು ಪೂರ್ತಿ ಓದಿ. ಬೇರೆಯವರ ಹತ್ತಿರ ಉಳಿದಿದ್ದ ಮಾತ್ರೆ ನುಂಗಿಕೊಂಡು ದಿನ ತಳ್ಳಿದ್ದಕ್ಕೆ ನಾನು ಒಂದು ವಾರ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ನಾಗರಬಾವಿಯ ಪಿಜಿಯಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿತ್ತು. ಒಂದು ರಾತ್ರಿ ಉರಿಮೂತ್ರ ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ಓಡಬೇಕು, ಹೋದರೆ ನಾಲ್ಕು ಹನಿ. ಡಾಕ್ಟರ್ ಮುಂದೆ ಹೇಳೋಕೆ ಮುಜುಗರ ಬೇರೆ. ರೂಮ್‌ಮೇಟ್ ತನ್ನ ಪೌಚಿನಿಂದ ಅರ್ಧ ಕತ್ತರಿಸಿದ ಸ್ಟ್ರಿಪ್ ತೆಗೆದಳು. ಸೆಫಿಕ್ಸೈಮ್ 200 ಅನ್ನೋ ಆಂಟಿಬಯೋಟಿಕ್, ನಾಲ್ಕು ಮಾತ್ರೆ ಉಳಿದಿದ್ದವು. "ನಂಗೂ ಹಿಂಗೇ ಆಗಿತ್ತು ಕಣೇ, ಎರಡೇ ಮಾತ್ರೆಗೆ ಹೋಯ್ತು, ತಗೋ" ಅಂದಳು. ಒಳ್ಳೆ ಮನಸ್ಸಿನಿಂದಲೇ ಕೊಟ್ಟಳು. ಅವಳ ಮೇಲೆ ನನಗೆ ಕೋಪವಿಲ್ಲ.

ಮೂರು ನುಂಗಿದೆ. ಉರಿ ಕಡಿಮೆಯಾದಂತೆ ಅನಿಸಿತು, ಬಿಟ್ಟೆ. ಒಂದು ವಾರಕ್ಕೆ ಮತ್ತೆ ಬಂತು. ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಅದೇ ಸ್ಟ್ರಿಪ್ ತೋರಿಸಿ "ಇದೇ ಕೊಡಿ ಅಣ್ಣಾ" ಅಂದೆ. ಡಾಕ್ಟರ್ ಚೀಟಿ ಎಲ್ಲಿ ಅಂತ ಕೇಳಲೇ ಇಲ್ಲ. "ಎಷ್ಟು ಬೇಕಮ್ಮಾ?" ಅಂತಷ್ಟೇ ಕೇಳಿ ಆರು ಕತ್ತರಿಸಿ ಕೊಟ್ಟರು. ಈ ಮಾತ್ರೆ ಸರ್ಕಾರದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ. 2014ರಿಂದ ಇವನ್ನು ಮಾರುವಾಗ ಚೀಟಿ ನೋಡಬೇಕು, ರೋಗಿಯ ಹೆಸರು, ಡಾಕ್ಟರ್ ಹೆಸರು ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ಕಾನೂನು. ನನಗೆ ಗೊತ್ತಾಗಿದ್ದು ಆಮೇಲೆ.

ನಾಲ್ಕನೇ ದಿನ ಬೆಳಗಿನ ಜಾವ ಗಡಗಡ ನಡುಕ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಬಲ ಪಕ್ಕೆಯ ಹಿಂದೆ ಕೈ ಇಟ್ಟರೆ ಜೀವ ಹೋಗುವಂಥ ನೋವು. ಸೋಂಕು ಕಿಡ್ನಿಗೆ ಏರಿತ್ತು.

ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ, ಅದರ ರಿಪೋರ್ಟ್ ಬಂದಾಗ ಡಾಕ್ಟರ್ ಅದನ್ನು ನನ್ನ ಕೈಗೇ ಕೊಟ್ಟರು. ಮೇಲೆ ಇ. ಕೋಲಿ ಅಂತ ಬ್ಯಾಕ್ಟೀರಿಯಾದ ಹೆಸರು ಇತ್ತು. ಎಡಗಡೆ ಔಷಧಗಳ ಹೆಸರು, ಎದುರಿಗೆ ಎಸ್ ಅಥವಾ ಆರ್. ಎಸ್ ಅಂದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಸೆಫಿಕ್ಸೈಮ್ ಎದುರು ಆರ್. ಸಿಪ್ರೊಫ್ಲಾಕ್ಸಾಸಿನ್ ಎದುರೂ ಆರ್. ಬೆರಳಿಟ್ಟು ಕೆಳಗೆ ಕೆಳಗೆ ಹೋದೆ, ಆರ್, ಆರ್, ಆರ್. ಕೊನೆಯಲ್ಲಿ ಇಎಸ್‌ಬಿಎಲ್ ಅಂತ ಬರೆದಿತ್ತು. ಸೆಫಿಕ್ಸೈಮ್ ಗುಂಪಿನ ಔಷಧಗಳನ್ನೇ ಮುರಿದುಹಾಕುವ ಕಿಣ್ವ ಅದು. ಅದರ ಜೀನ್ ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ಅದೇ ತಿಂಗಳು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಓದಿದ್ದೇ ಬೇರೆ, ಮೈಗೆ ಬಂದಾಗ ಮಾಡಿದ್ದೇ ಬೇರೆ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಹೀಗೇ ಇದ್ದೇವೆ, ಅದೇ ನನಗೆ ಭಯ.

ಎಂಟು ಗಂಟೆಗೊಮ್ಮೆ ಮೆರೊಪೆನೆಮ್ ಅನ್ನೋ ಆಂಟಿಬಯೋಟಿಕ್, 7 ದಿನ, ಡ್ರಿಪ್‌ನಲ್ಲಿ. ಕ್ಯಾನುಲಾ ಹಾಕಿದ ಕೈ ಊದಿ, ಇನ್ನೊಂದು ಕೈಗೆ ಬದಲಾಯಿಸಿದರು. ಊರಿಂದ ಅಮ್ಮ ಬಂದು ಪಕ್ಕದಲ್ಲೇ ಕೂತಿದ್ದರು. ಎರಡು ಪೇಪರ್ ತಪ್ಪಿಹೋಯಿತು.

"ಮೊದಲ ದಿನವೇ ಬಂದಿದ್ದರೆ ಬೇರೆ ಮಾತ್ರೆಯಲ್ಲೇ ಮುಗಿಯುತ್ತಿತ್ತೇನೋ" ಅಂದರು ಡಾಕ್ಟರ್. ರಿಪೋರ್ಟ್‌ನಲ್ಲಿ ನೈಟ್ರೊಫ್ಯೂರಾಂಟಾಯಿನ್ ಅನ್ನೋ ಮಾತ್ರೆಯ ಎದುರು ಎಸ್ ಇತ್ತು. ಆದರೆ ಅದು ಮೂತ್ರಕೋಶದ ಸೋಂಕಿಗೆ ಮಾತ್ರ, ಕಿಡ್ನಿಗೆ ಏರಿದ ಮೇಲೆ ಸಾಲದು. ಈ ಮಾತು ಇವತ್ತಿಗೂ ಚುಚ್ಚುತ್ತದೆ.

ನೆಗಡಿ, ಗಂಟಲು ಕೆರೆತ ಅಂದರೆ ಸಾಕು, ಸುಮ್ನೆ ಅಜಿತ್ರೊಮೈಸಿನ್ ಮೂರು ದಿನ ನುಂಗುವವರು ನಮ್ಮಲ್ಲಿ ಜಾಸ್ತಿ ಅಲ್ವಾ? ಅವು ಹೆಚ್ಚಾಗಿ ವೈರಸ್‌ನಿಂದ ಬರುತ್ತವೆ. ವೈರಸ್‌ಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ.

ಈಗಲೇ ನಿಮ್ಮ ಪೌಚ್ ತೆಗೆದು ಸ್ಟ್ರಿಪ್‌ಗಳ ಹಿಂಬದಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳುವ ಮಾತ್ರೆ ಅಲ್ಲ, ಗೆಳತಿಗೆ ಕೊಡುವುದೂ ಅಲ್ಲ. ಉರಿಮೂತ್ರ ಆದರೆ ನಾಚಿಕೊಳ್ಳದೆ ಡಾಕ್ಟರ್ ಹತ್ತಿರ ಹೋಗಿ. ಕಲ್ಚರ್ ಬೇಕಾ ಅಂತ ನೀವೇ ಕೇಳಿ. ಬೇಕು ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಿ.